ಎಣಿಸದ ಕುರಿಗಳು

"ನಮ್ಮಂಥಾ ಕುರಿ ಕಾಯೋರಿಗಿ ಲೆಕ್ಕ ಹತ್ತಂಗಿಲ್ಲ, ಬಿಟ್ ಬಿಡ್ರಿ ಇವನ್ನ," ಎಂದು ನನ್ನನ್ನು ತೋರಿಸಿ ನಮ್ಮ ಸೋದರಮಾವನೇ ಮಾಸ್ತರರಿಗೆ ಹೇಳಿದ್ದ.

ಪೊಲೀಸ್ ಆ್ಯಕ್ಷನ್‌ಗೆ ಮುಂಚೆ ಮೆಹಕರದ ಶಾಲೆಯಲ್ಲಿ ಪಾಠವೆಲ್ಲ ಉರ್ದು. ಮಾಸ್ತರರು ಹೊಸ ಶಬ್ದ ಬಂದಾಗೆಲ್ಲ ಟೋಪಿ ಹಿಂದೆ ಸರಿಸಿ, "ಮನ್ಯಾಗ ಇದಕ್ಕ ಏನಂತೀರಪಾ?" ಎಂದು ಕೇಳುತ್ತಿದ್ದರು.

ಒಮ್ಮೆ ನನಗೆ ನಮ್ಮ ಹಟ್ಟಿಯ ಕುರಿಗಳನ್ನೇ ಎಣಿಸಿ ಕೂಡಿಸುವ ಲೆಕ್ಕ ಕೊಟ್ಟರು. ನಾನು ಸ್ಲೇಟು ಮಗುಚಿಟ್ಟೆ. ಅವರು ಹೊಡೆಯಲಿಲ್ಲ, ಸಂಜೆ ಹಟ್ಟಿಗೆ ಬಂದು ಅವ್ವನನ್ನು ವಿಚಾರಿಸಿದರು.

"ಕುರಿ ಎಣಸಬಾರದ್ರಿ, ದೃಷ್ಟಿ ಆಗ್ತದ. ನಾವು ಮಾರಿ ನೋಡೇ ಗುರ್ತ ಹಿಡೀತೇವ್ರಿ."

ಮರುದಿನ ಅದೇ ಲೆಕ್ಕವನ್ನು ಜೋಳದ ತೆನೆಗಳಲ್ಲಿ ಕೇಳಿದರು. ಎಲ್ಲರಿಗಿಂತ ಮೊದಲು ನಾನೇ ಉತ್ತರ ಹೇಳಿದೆ.

ಮುಂದೆ ಬಿ.ಎ. ಪಾಸಾಗಿ, ನಮ್ಮ ಮನೆತನದ ಮೊದಲ ಸರ್ಟಿಫಿಕೇಟನ್ನು ಅವ್ವನ ಕೈಗಿಟ್ಟೆ.

"ನಡಿ ತಮ್ಮಾ, ಮಾಸ್ತರ್ರ ಮನಿಗಿ ಹೋಗಮು," ಎಂದಳು. "ಅವರು ಓದ್ಲಿ, ನಾ ಬಾಜೂಕ ಕುಂತು ಕೇಳ್ತೇನಿ."