ಆಯುಧಪೂಜೆಗೆ ನಿಲ್ಲಿಸಿದ ಕಂಪ್ಯೂಟರ್

ನಮ್ಮ ಮನೆಯಲ್ಲಿ ಆಯುಧಪೂಜೆಯ ಕಟ್ಟುನಿಟ್ಟೆಲ್ಲ ಅತ್ತೆಯದು. ಅತ್ತೆ ಎಂದರೆ ನನ್ನ ತಂದೆಯ ತಂಗಿ. ಕಣ್ಣು ಪೂರ್ತಿ ಹೋದ ಮೇಲೆ ಜಯನಗರದ ನಮ್ಮ ಮನೆಯಲ್ಲೇ ಇದ್ದಾರೆ. ವರ್ಷವಿಡೀ ನಮಗಾಗಿ ದುಡಿದ ವಸ್ತುವಿನಿಂದ ಆ ದಿನ ಕೆಲಸ ಮಾಡಿಸಕೂಡದು ಎಂಬುದು ಅವರ ಕಾನೂನು. ಸ್ಕೂಟರ್, ಕತ್ತರಿ, ಹೊಲಿಗೆ ಮೆಷಿನ್, ನನ್ನ ಸೋಲ್ಡರಿಂಗ್ ಐರನ್, ಎಲ್ಲಕ್ಕೂ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ ಸುಮ್ಮನೆ ಬಿಡಬೇಕು. ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ. ಆದರೆ ಅತ್ತೆಯ ಜೊತೆ ವಾದಕ್ಕಿಳಿದು ಗೆದ್ದವರನ್ನು ಇನ್ನೂ ನೋಡಿಲ್ಲ.

ಅತ್ತೆಗೆ ಒಬ್ಬ ಗೆಳತಿ. ಜರಗನಹಳ್ಳಿಯ ಒಂದೇ ವಠಾರದಲ್ಲಿ ಇಬ್ಬರೂ ಬಹಳ ವರ್ಷ ಬಾಡಿಗೆಗಿದ್ದವರು. ಆಮೇಲೆ ಗೆಳತಿ ಮಗನ ಜೊತೆ ಸಾರಕ್ಕಿಗೆ ಹೋದರು. ಆಕೆಗೆ ಕಿವಿ ಮಂದ. ಫೋನಿನಲ್ಲಿ ಇಬ್ಬರೂ ಕೂಗಾಡಿ, ಅರ್ಧಂಬರ್ಧ ತಿಳಿದು, ಸಿಟ್ಟು ಮಾಡಿಕೊಂಡು ಇಡುತ್ತಿದ್ದರು. ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿ ನಿವೃತ್ತನಾದ ನನಗೆ ಕೈ ಸುಮ್ಮನಿರುವುದಿಲ್ಲ. ಇಬ್ಬರಿಗೂ ಒಂದೊಂದು ಡಬ್ಬ ಮಾಡಿಕೊಟ್ಟೆ. ದೊಡ್ಡ ಗುಂಡಿ ಒತ್ತಿ ಮಾತಾಡಿದರೆ ಮಾತು ಆ ಕಡೆಗೆ ಹೋಗುತ್ತದೆ. ಸಣ್ಣ ಗುಂಡಿ ಒತ್ತಿದರೆ ಆ ಕಡೆಯಿಂದ ಬಂದದ್ದು ಗಟ್ಟಿಯಾಗಿ ಕೇಳುತ್ತದೆ, ಎಷ್ಟು ಸಲ ಬೇಕಾದರೂ. ನನ್ನ ಹೆಂಡತಿ ಸಾರಿಗೆ ಇಂಗು ಹಾಕಲು ಮರೆತ ಸುದ್ದಿ ನಮ್ಮ ಮನೆಯ ಗೋಡೆಗಳಿಗೆ ತಿಳಿಯುವ ಮೊದಲು ಸಾರಕ್ಕಿಗೆ ತಲುಪುತ್ತಿತ್ತು.

ನಡುವೆ ಆ ಮಾತುಗಳನ್ನು ಹಿಡಿದಿಟ್ಟುಕೊಳ್ಳಲು ಒಂದು ಕಂಪ್ಯೂಟರ್ ಬೇಕು. ಮೊದಲು ಅದು ನನ್ನ ಕೋಣೆಯಲ್ಲೇ ಇತ್ತು. ಆಯುಧಪೂಜೆಗೆ ಆಫ್, ವಿಜಯದಶಮಿಗೆ ಆನ್, ಯಾವ ವರ್ಷವೂ ತೊಂದರೆಯಾಗಲಿಲ್ಲ. ಕರೆಂಟ್ ಹೋದಾಗಲೆಲ್ಲ ಇಬ್ಬರೂ ಗೊಣಗುತ್ತಿದ್ದರೆಂದು ಅದನ್ನು ಕ್ಲೌಡ್‌ಗೆ ಸಾಗಿಸಿದೆ. ಅಂದರೆ ಯಾವುದೋ ಕಂಪನಿಯ ದೊಡ್ಡ ಯಂತ್ರಗಳಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದೆ. ಅವರ ಪರದೆಯಲ್ಲಿ ನೆಟ್‌ವರ್ಕ್ ಎಂಬಲ್ಲಿ ಮೊದಲೇ ‘ಡೀಫಾಲ್ಟ್’ ಎಂದು ತುಂಬಿತ್ತು. ಅವರೇ ಆರಿಸಿಟ್ಟಿದ್ದಾರೆ, ಗೊತ್ತಿದ್ದೇ ಇಟ್ಟಿರುತ್ತಾರೆ ಎಂದು ಮುಂದೆ ಒತ್ತಿದೆ. ಕಂಪ್ಯೂಟರ್ ಎದ್ದಿತು. ಹೊರಗಿನವರು ಅದನ್ನು ತಲುಪಲು ಚುಕ್ಕಿಗಳಿಟ್ಟು ಬರೆದ ಒಂದು ಉದ್ದ ನಂಬರ್ ಕೂಡ ತಾನಾಗಿಯೇ ಬಂತು. ಅದು ಅದರ ವಿಳಾಸ. ಎರಡೂ ಡಬ್ಬಗಳಲ್ಲಿ ಆ ನಂಬರನ್ನೇ ಕೂರಿಸಿದೆ.

ಕೆಲವು ತಿಂಗಳಲ್ಲಿ ಗೆಳತಿಯ ಮಗನಿಗೆ ಗುಜರಾತಿನ ಕಡೆ ಎಲ್ಲಿಗೋ ವರ್ಗವಾಯಿತು. ಆಕೆ ಡಬ್ಬವನ್ನು ಕೈಚೀಲದಲ್ಲಿಟ್ಟುಕೊಂಡೇ ಹೊರಟರು. ಅಲ್ಲಿಂದಲೂ ಮಾತು ಮೊದಲಿನ ಹಾಗೇ ಬರುತ್ತಿತ್ತು. ಡಬ್ಬ ನಡೆಯುತ್ತಿದ್ದುದರಿಂದ ಊರಿನ ವಿಳಾಸ, ಹೊಸ ಫೋನ್ ನಂಬರ್ ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಅತ್ತೆ ಕೇಳಿದರು: “ಆ ಕಂಪ್ಯೂಟರ್‌ಗೆ ಕುಂಕುಮ ಇಟ್ಯೇನೋ?”

“ಅದು ಮನೇಲಿಲ್ಲ ಅತ್ತೆ. ಎಲ್ಲಿದೆ ಅಂತ ನಂಗೂ ಗೊತ್ತಿಲ್ಲ.”

“ಕುಂಕುಮ ಬೇಡ ಬಿಡು. ಆಫ್ ಆದ್ರೂ ಮಾಡು. ದಿನಾ ನಮ್ಮಿಬ್ಬರ ಮಾತು ಹೊರುತ್ತೆ ಪಾಪ, ಒಂದಿನ ಸುಮ್ನೆ ಇರ್ಲಿ.”

ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಲ್ಲಿಸಿದೆ.

ಮರುದಿನ ಮತ್ತೆ ಚಾಲೂ ಮಾಡಿದಾಗ ಪರದೆಯ ಮೇಲೆ ಬೇರೆ ನಂಬರ್ ಇತ್ತು. ಅತ್ತೆಯ ಡಬ್ಬದಲ್ಲಿ ಹೊಸದನ್ನು ಕೂರಿಸಿದೆ. ಇನ್ನೊಂದು ಡಬ್ಬದ ನೆನಪು ಆಮೇಲೆ ಬಂತು. ಅದರಲ್ಲಿದ್ದದ್ದು ಹಳೆಯ ನಂಬರ್. ಅದನ್ನು ಬದಲಿಸಬೇಕಾದರೆ ಡಬ್ಬ ನನ್ನ ಕೈಗೆ ಬರಬೇಕು, ಇಲ್ಲವೇ ಹಳೆಯ ನಂಬರ್ ನನಗೆ ಮರಳಿ ಸಿಗಬೇಕು.

ಕಂಪನಿಯ ಸಹಾಯವಾಣಿಯಲ್ಲಿ ಸಿಕ್ಕ ಹುಡುಗಿ ಪುಣ್ಯಕ್ಕೆ ಕನ್ನಡದವಳು. “ಡೀಫಾಲ್ಟ್ ಆಗಿ ಬರೋ ನಂಬರ್ ಟೆಂಪರರಿ ಸಾರ್. ಮೆಷಿನ್ ಸ್ಟಾಪ್ ಮಾಡಿದ್ರೆ ವಾಪಸ್ ಹೋಗುತ್ತೆ. ಪರ್ಮನೆಂಟ್ ಬೇಕಂದ್ರೆ ಮೊದ್ಲೇ ರಿಸರ್ವ್ ಮಾಡ್ಬೇಕಿತ್ತು.”

“ಈಗ ಯಾರ ಹತ್ರ ಇದೆ ಹೇಳಮ್ಮ, ನಾನೇ ಕೇಳ್ಕೋತೀನಿ.”

“ಅದು ಹೇಳೋ ಹಾಗಿಲ್ಲ ಸಾರ್.”

ಅವಳ ಮೇಲೆ ರೇಗಿ ಏನು ಪ್ರಯೋಜನ? ಆದರೂ ರೇಗಿದೆ. ಆಮೇಲೆ ಲಾಟರಿ ಹುಚ್ಚಿನವರ ಹಾಗೆ ಕೂತು, ಒಂದು ನಂಬರ್ ಕೇಳುವುದು, ನಮ್ಮದಲ್ಲವೆಂದು ಬಿಡುವುದು, ಮತ್ತೊಂದು ಕೇಳುವುದು, ಹೀಗೆ ವಾರಗಟ್ಟಲೆ ಮಾಡಿದೆ. ಬಂದದ್ದೆಲ್ಲ ಕಂಡರಿಯದ ನಂಬರುಗಳು. ಒಂದು ಮಧ್ಯಾಹ್ನ ಹಳೆಯ ನಂಬರನ್ನು ಹುಡುಕಿ ನೋಡಿದರೆ ಅಲ್ಲಿ ಯಾರದೋ ಲಾಗಿನ್ ಪುಟ ತೆರೆದುಕೊಂಡಿತು. ಗೆಳತಿಯ ಡಬ್ಬ ದಿನವೂ ಹೋಗಿ ಆ ಅಪರಿಚಿತರ ಬಾಗಿಲು ತಟ್ಟುತ್ತಿತ್ತು. ಅವರಿಗದು ಗೊತ್ತೂ ಆಗಿರಲಿಕ್ಕಿಲ್ಲ.

ಸಾರಕ್ಕಿಗೆ ಹೋದೆ. ಆ ಮನೆಗೆ ಬೇರೆಯವರು ಬಂದಿದ್ದರು. ಓನರ್ ಆಂಟಿ, “ಹೋದ್ಮೇಲೆ ಒಂದು ಫೋನೂ ಮಾಡಿಲ್ಲ ನೋಡಿ” ಎಂದು ನನ್ನನ್ನೇ ದೂರಿದರು. ಮಗನ ಹಳೆಯ ಫೋನ್ ನಂಬರ್ ಚಾಲ್ತಿಯಲ್ಲಿಲ್ಲ. ಆತನ ಬಳಿ ನನ್ನ ನಂಬರ್ ಇದೆ, ಡಬ್ಬ ಕೆಟ್ಟಿದೆ ಅನ್ನಿಸಿದರೆ ಅವರೇ ಫೋನ್ ಮಾಡುತ್ತಾರೆ ಎಂಬುದೊಂದೇ ಆಸೆ ಉಳಿಯಿತು. ಫೋನ್ ಹಿಡಿದುಕೊಂಡೇ ಬಚ್ಚಲಿಗೂ ಹೋಗುತ್ತಿದ್ದೆ.

ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಒಪ್ಪಲಿಲ್ಲ.

“ಒಂದಿನ ಬಾಗ್ಲು ಹಾಕಿದ್ರೆ ಮನೆ ಬೇರೆಯವರಿಗೆ ಕೊಟ್ಬಿಡ್ತಾರಾ? ಅದೆಲ್ಲ ಅಲ್ಲ ಕಣೋ. ಹೋದ್ಸಲ ಅವಳ ಸೊಸೆ ವಿಷ್ಯದಲ್ಲಿ ಏನೋ ಅಂದ್ಬಿಟ್ಟೆ. ಮುನಿಸ್ಕೊಂಡಿದಾಳೆ.”

ಅಂದಿನಿಂದ ದಿನವೂ ಊಟವಾದ ಮೇಲೆ ದೊಡ್ಡ ಗುಂಡಿ ಒತ್ತಿ, ತಪ್ಪಾಯ್ತು ಕಣೇ ಎಂದು ಶುರುಮಾಡುತ್ತಾರೆ. ಆ ಮಾತುಗಳೆಲ್ಲ ಕಂಪ್ಯೂಟರಿನಲ್ಲಿ ಸಾಲಾಗಿ ಬಿದ್ದಿವೆ, ಒಯ್ಯಲು ಯಾರೂ ಬರುವುದಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುವುದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ.

ಮೊನ್ನೆ ನಮ್ಮ ಬೀದಿಯಲ್ಲಿ ಯಾರೋ ಅಗೆದು ಇಂಟರ್ನೆಟ್ ಕೇಬಲ್ ತುಂಡಾಗಿತ್ತು. ಅತ್ತೆ ಅಭ್ಯಾಸಬಲದಿಂದ ಸಣ್ಣ ಗುಂಡಿ ಒತ್ತಿದರು. ಡಬ್ಬ ಮಾತಾಡಿತು: “ಇವತ್ತು ಹೊಸ ಮಾತು ಯಾವುದೂ ಬಂದಿಲ್ಲಮ್ಮ.” ವಯಸ್ಸಾದವರು ಗಾಬರಿಯಾಗದಿರಲಿ ಎಂದು, ಸಂಪರ್ಕ ತಪ್ಪಿದಾಗಲೂ ಇಷ್ಟೇ ಹೇಳಬೇಕೆಂದು ಡಬ್ಬ ಮಾಡುವಾಗ ನಾನೇ ಇಟ್ಟದ್ದು. ಮರೆತೇಹೋಗಿತ್ತು.

ಹಳೆಯ ನಂಬರ್ ಹಿಡಿದು ಕೂತ ಗೆಳತಿಯ ಡಬ್ಬವೂ ಅಲ್ಲಿ ಇದನ್ನೇ ಹೇಳುತ್ತಿರಬೇಕು. ಡಬ್ಬ ಕೆಟ್ಟಿದೆ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸುವುದಿಲ್ಲ, ಯಾರೂ ಫೋನ್ ಮಾಡುವುದಿಲ್ಲ. ಆಕೆ ದಿನವೂ ಗುಂಡಿ ಒತ್ತುತ್ತಾರೆ. ನಿಮ್ಮ ಗೆಳತಿ ಇವತ್ತೂ ಮಾತಾಡಲಿಲ್ಲ ಎಂದು ದಿನವೂ ಆಕೆಗೆ ಹೇಳುತ್ತಿರುವವನು ನಾನು.