ಸೆಡ್ರಿಕ್ ಎಂದು ಕರೆಯದ ಎರಡು ವರ್ಷ

ಅವನ ಹೆಸರು ಸೆಡ್ರಿಕ್. ಈಗ ಹೇಳಬಹುದು, ಅದಕ್ಕೇ ಹೇಳುತ್ತಿದ್ದೇನೆ. ಎರಡು ವರ್ಷ ಮೂರು ತಿಂಗಳು ಈ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು, ನಾನು ಹೊರಗೆ ಬಿಡಲಿಲ್ಲ. ಅಷ್ಟರಲ್ಲಿ ಸಿಡ್ನಿ ಮೆಲ್ಬರ್ನಿನ ಹುಡುಗ ಹುಡುಗಿಯರು ಅದನ್ನೇ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು.

ಅವನು ನನ್ನ ಅಕ್ಕನ ಮಗ, ಅಂದರೆ ನನ್ನ ಮಗನೇ. ನಾನು ಡಲ್ಸಿ. ದೇಶದ ನಟ್ಟನಡುವಿನ ಆಲಿಸ್ ಊರಿನ ಅಂಚಿನಲ್ಲಿರುವ ನಮ್ಮ ಮೂಲನಿವಾಸಿಗಳ ಕ್ಯಾಂಪಿನಲ್ಲಿ ಮುದುಕ ಮುದುಕಿಯರಿಗೆ ಮಧ್ಯಾಹ್ನದ ಊಟ ಹಂಚುವ ವ್ಯಾನು ಓಡಿಸುತ್ತೇನೆ. ಬಾಯಿ ಜೋರು ಎಂದು ಹೆಸರು ಪಡೆದವಳು. ಊಟ ತಣ್ಣಗಿದೆ ಎಂದು ಗೊಣಗಿದವರಿಗೆ ನಾಳೆ ಇನ್ನೂ ತಣ್ಣಗೆ ತರುತ್ತೇನೆ ಅನ್ನುತ್ತೇನೆ. ಇಂಥವಳಿಗೆ ಒಂದು ಹೆಸರನ್ನು ಬಾಯಲ್ಲಿ ಕಟ್ಟಿಹಾಕಿಕೊಂಡು ಇರುವುದು ಎಷ್ಟು ಕಷ್ಟವಾಯಿತು ಎಂಬುದು ನನಗೇ ಗೊತ್ತು.

ಸೆಡ್ರಿಕ್ ಎನ್ನುವುದು ಮೊದಲು ನಮ್ಮ ಅಣ್ಣನ ಹೆಸರು. ಅಣ್ಣ ಕುದುರೆ ಮೇಲೆ ಕೂತು ಬಿಳಿಯರ ದನ ಕಾಯುತ್ತ ಬೆಳೆದವನು. ಮಂಡಿ ಕೆಟ್ಟ ಮೇಲೆ ಊರಿಗೆ ಬಂದು ಭಾನುವಾರದ ಫುಟ್‌ಬಾಲ್ ಪಂದ್ಯಗಳಿಗೆ ಮೈಕು ಹಿಡಿದ. ಹಳೆಯ ಟೊಯೊಟಾದ ಹಿಂಬದಿಯಲ್ಲಿ ನಿಂತು, ನಮ್ಮ ವಾರ್ಲ್‌ಪಿರಿ ಮಾತಿಗೆ ಇಂಗ್ಲಿಷು ಕಲಸಿ, ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದ: "ಚೆಂಡು ಬಂತು, ಬಂತು, ಅಗೋ ನಮ್ಮ ಕುಂಟ ಹಿಡ್ದ, ಹಿಡ್ದ್ನಾ, ಇಲ್ಲ ಬಿಟ್ಟ, ಅವ್ನ ಹೆಂಡ್ತಿ ನೋಡ್ತಾವ್ಳೆ, ಇವತ್ತು ಮನೇಲಿ ಇವ್ನಿಗೆ ಊಟ ಇಲ್ಲ." ಜನ ಆಟ ನೋಡುವುದಕ್ಕಿಂತ ಅಣ್ಣನನ್ನು ಕೇಳಲೆಂದೇ ಬರುತ್ತಿದ್ದರು. ಅಕ್ಕನಿಗೆ ಗಂಡುಮಗು ಹುಟ್ಟಿದಾಗ ಅಣ್ಣ ಆಸ್ಪತ್ರೆಗೆ ಹೋಗಿ, ನನ್ನ ಹೆಸರೇ ಇಡು ಎಂದು ಹಟ ಹಿಡಿದ. "ನಿನ್ನೊಬ್ಬನ ಕಾಟವೇ ಸಾಕಾಗೈತೆ" ಎಂದು ಅಕ್ಕ ಬೈದಳು. ಬೈದು ಅದೇ ಹೆಸರು ಇಟ್ಟಳು.

ಅಕ್ಕ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರಕ್ಕೆ ಮೈಯೊಡ್ಡಿ, ಹುಡುಗನಿಗೆ ಎಂಟು ವರ್ಷವಾದಾಗ ತೀರಿಕೊಂಡಳು. ಅವನ ಅಪ್ಪ ಇದ್ದೂ ಇಲ್ಲದವನು. ಮೂರು ಕೋಣೆಯ ಅಣ್ಣನ ಮನೆಯಲ್ಲಿ ಆಗ ಹದಿನಾಲ್ಕು ಜನ ಮಲಗುತ್ತಿದ್ದರು. ಹದಿನೈದನೆಯವನಾಗಿ ಹುಡುಗ ಬಾಗಿಲ ಬಳಿ ಹಾಸಿಗೆ ಹಾಕಿಕೊಂಡ. ಶಾಲೆಗೆ ಹೋದರೆ ಹೋದ, ಇಲ್ಲದಿದ್ದರೆ ಇಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಯಾರದೋ ಕಾರು ಕದ್ದು, ಓಡಿಸಲು ಬರದೆ ಬೇಲಿಗೆ ಗುದ್ದಿ ಸಿಕ್ಕಿಬಿದ್ದ. ಸಾವಿರದೈನೂರು ಕಿಲೋಮೀಟರು ಉತ್ತರಕ್ಕಿರುವ ಮಕ್ಕಳ ಜೈಲಿಗೆ ಕಳಿಸಿದರು.

ಅಣ್ಣ ಪ್ರತಿ ಭಾನುವಾರ ಅವನಿಗೆ ಫೋನು ಮಾಡುತ್ತಿದ್ದ. ಸಿಗುತ್ತಿದ್ದುದು ಹತ್ತು ನಿಮಿಷ. ಅಳಬೇಡ, ಧೈರ್ಯವಾಗಿರು ಎಂಬ ಮಾತು ಒಂದೂ ಇಲ್ಲ. ಆ ದಿನದ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಫೋನಿಡುತ್ತಿದ್ದ. ಕೆಲವು ವಾರವಾದ ಮೇಲೆ ಹುಡುಗ ಆ ಕಡೆಯಿಂದ ತನ್ನ ಪಂದ್ಯ ಹೇಳತೊಡಗಿದ. ಊಟದ ಸಾಲಿನಲ್ಲಿ ಯಾರು ಯಾರನ್ನು ತಳ್ಳಿದರು, ಯಾವ ಕಾವಲುಗಾರ ಎಲ್ಲಿ ನಿದ್ದೆ ಹೊಡೆದ, ಎಲ್ಲಕ್ಕೂ ಪ್ರಾಸ ಕೂಡಿಸಿ, ಒಂದೇ ಉಸಿರಿಗೆ. ಅಣ್ಣ ಫೋನನ್ನು ನನ್ನ ಕಿವಿಗೆ ಒತ್ತಿ, "ಕೇಳೇ ಇಲ್ಲಿ, ಈ ಕಳ್ಳ ನನ್ಮಗ ನನ್ನ ಕೆಲ್ಸಕ್ಕೇ ಕೈ ಹಾಕ್ತಾವ್ನೆ" ಎಂದ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಹೊರಗೆ ಬಂದ ಮೇಲೆ ಹುಡುಗ ಕ್ಯಾಂಪಿನ ಪಕ್ಕದ ಯುವಕರ ಕೇಂದ್ರದಲ್ಲಿ ಬಿದ್ದುಕೊಂಡ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ ಪುಟ್ಟ ಕೋಣೆಯೊಂದಿತ್ತು, ಅಲ್ಲಿ ಹಾಡು ರೆಕಾರ್ಡು ಮಾಡುತ್ತಿದ್ದರು. ನಮ್ಮ ಕ್ಯಾಂಪಿನ ಒಂದೇ ನಲ್ಲಿ, ಅದರ ಮುಂದೆ ಜಗಳವಾಡುವ ಅವ್ವಂದಿರು, ಜಗಳ ನೋಡುವ ನಾಯಿಗಳು, ಇಷ್ಟನ್ನು ಇಟ್ಟುಕೊಂಡು ಒಂದು ರ‍್ಯಾಪ್ ಕಟ್ಟಿದ. ಆ ಅವ್ವಂದಿರಲ್ಲಿ ನಾನೂ ಒಬ್ಬಳು, ಅದನ್ನು ನಾನು ಇನ್ನೂ ಮರೆತಿಲ್ಲ. ಕೇಂದ್ರದವರು ಅದನ್ನು ಇಂಟರ್ನೆಟ್ಟಿಗೆ ಹಾಕಿದರು. ಆರು ತಿಂಗಳಲ್ಲಿ ಮೆಲ್ಬರ್ನಿನ ಹಾಡಿನ ಕಂಪನಿಯವರು ವಿಮಾನ ಹತ್ತಿ ಬಂದು, ನಮ್ಮ ನಲ್ಲಿಯ ಮುಂದೆ ನಿಂತು ಫೋಟೊ ಹೊಡೆಸಿಕೊಂಡರು.

ಯಾವ ಹೆಸರಿನಲ್ಲಿ ಹಾಡುತ್ತೀಯ ಎಂದು ಅವರು ಕೇಳಿದರು, ಹೊಳೆಯುವ ಹೆಸರುಗಳ ಒಂದು ಪಟ್ಟಿಯನ್ನೂ ತಂದಿದ್ದರು. ಹುಡುಗ ಪಟ್ಟಿ ನೋಡಲೇ ಇಲ್ಲ. "ಸೆಡ್ರಿಕ್ ಅಷ್ಟೇ" ಎಂದ. ಆಮೇಲೆ ಅಣ್ಣನ ಕಡೆ ತಿರುಗಿ, "ಮಾವ, ನೀನು ಮೈದಾನದ ಬೇಲಿಗಂಟ ಕೇಳಿಸ್ತಿದ್ದೆ. ನಾನು ಸಮುದ್ರದಗಂಟ ಕೇಳಿಸ್ತೀನಿ" ಎಂದ. ಅಣ್ಣ ಮೂಗು ಒರೆಸಿಕೊಂಡ. ಮುಂದೆ ಒಂದು ವರ್ಷ ಅಂಗಡಿಗೆ ಹಾಲು ತರಲು ಹೋದರೂ ಸರಿ, ಹುಡುಗನ ಫೋಟೊ ಬಂದ ಪೇಪರನ್ನು ಬಗಲಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದ.

ಹುಡುಗನಿಗೆ ಹತ್ತೊಂಬತ್ತು ತುಂಬಿದ ವರ್ಷ, ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ, ಚಹಾ ಲೋಟ ಕೈಯಲ್ಲಿರುವಾಗಲೇ ಅಣ್ಣನ ಎದೆ ನಿಂತಿತು. ಹುಡುಗ ಬ್ರಿಸ್ಬೇನಿನಲ್ಲಿದ್ದ. ಅವನು ಬರುವಷ್ಟರಲ್ಲಿ ನಾವು, ಸಾವಾದ ಮನೆಯಲ್ಲಿ ಇರಬಾರದೆಂದು ಮನೆ ಬಿಟ್ಟು, ಬಟ್ಟೆಬರೆ ಹೊತ್ತು, ಒಣಗಿದ ಹೊಳೆಯ ಮರಳಿಗೆ ಬಂದು ಕೂತಿದ್ದೆವು. ಹೆಂಗಸರೆಲ್ಲ ಮೈಗೆ ಬಿಳಿಮಣ್ಣು ಬಳಿದುಕೊಂಡಿದ್ದೆವು. ಅತ್ತಿಗೆ ಅಂದಿನಿಂದ ಮಾತು ಬಿಟ್ಟಳು. ಗಂಡ ಹೋದವಳು ಬಾಯಿ ತೆರೆಯುವ ಹಾಗಿಲ್ಲ, ಏನಿದ್ದರೂ ಕೈಸನ್ನೆ. ಅಣ್ಣನ ಹೆಸರೂ ಅವನ ಹಿಂದೆ ಹೋಯಿತು. ಹೋದವನ ಹೆಸರನ್ನು ಯಾರಾದರೂ ಆಡಿದರೆ ಅವನು ನಡುದಾರಿಯಲ್ಲಿ ನಿಂತು ತಿರುಗಿ ನೋಡುತ್ತಾನೆ, ಹೋಗಬೇಕಾದಲ್ಲಿಗೆ ಹೋಗುವುದಿಲ್ಲ.

ಅದೇ ಹೆಸರಿನ ಇನ್ನೊಬ್ಬ ಬದುಕಿದ್ದರೆ ಅವನಿಗೂ ಆ ಹೆಸರಿಲ್ಲ. ಅಂಥವರನ್ನೆಲ್ಲ ನಾವು ಕುಮಂಜಾಯಿ ಅನ್ನುತ್ತೇವೆ. ಕ್ಯಾಂಪಿನಲ್ಲಿ ಆಗಲೇ ಮೂವರು ಕುಮಂಜಾಯಿಗಳಿದ್ದರು, ನಮ್ಮ ಹುಡುಗ ನಾಲ್ಕನೆಯವನಾದ. ಎಷ್ಟು ಕಾಲ ಹಾಗೆ ಎಂಬುದನ್ನು ಹೇಳಬೇಕಾದವರು ಅತ್ತಿಗೆ ಮತ್ತು ನಾನು. ನಾವು ಸಾಕು ಅನ್ನುವವರೆಗೆ.

ನಮ್ಮ ದುಃಖ ನಮ್ಮದು, ಆದರೆ ರೇಡಿಯೋಗೆ ಅದು ಗೊತ್ತಿರಬೇಕಲ್ಲ. ವ್ಯಾನಿನಲ್ಲಿ ಹುಡುಗನ ಹಾಡು ಶುರುವಾದರೆ ಸಾಕು, ನನ್ನ ಕೈ ಸ್ಟೀರಿಂಗು ಬಿಟ್ಟು ರೇಡಿಯೋದ ಗುಂಡಿ ತಿರುಗಿಸಿ ಆರಿಸುತ್ತಿತ್ತು. ಹಾಡಿನ ನಡುವೆ ಅವನೇ ತನ್ನ ಹೆಸರು ಕೂಗುತ್ತಿದ್ದ, ಸಾವಿರಾರು ಜನ ತಿರುಗಿ ಕೂಗುತ್ತಿದ್ದರು. ಅಂಗಡಿ ಗೋಡೆಯ ಪೋಸ್ಟರಿನಲ್ಲಿದ್ದ ಹೆಸರಿಗೆ ನಮ್ಮ ಹುಡುಗಿಯರು ಕರಿ ಬಣ್ಣ ಬಳಿದರು. ದೇಶದಲ್ಲಿ ಅವನ ಹಾಡು ಎರಡನೆಯ ಸ್ಥಾನಕ್ಕೆ ಬಂದಿದೆ ಎಂದು ಯಾರೋ ಹೇಳಿದ ದಿನ ನಾನು ವ್ಯಾನು ನಿಲ್ಲಿಸಿ ಅತ್ತೆ. ಅವನಿಗೆ ಫೋನು ಮಾಡಿ ಹೆಸರು ಹಿಡಿದು ಶಭಾಷ್ ಅನ್ನಬೇಕು ಅನ್ನಿಸಿತು. "ಊಟ ಮಾಡಿದ್ಯಾ" ಎಂದು ಕೇಳಿ ಫೋನಿಟ್ಟೆ.

ಮುಂದಿನ ಜೂನಿನಲ್ಲಿ ನಮ್ಮೂರ ಮೈದಾನದಲ್ಲೇ ಅವನ ಹಾಡಿನ ಕಾರ್ಯಕ್ರಮ ನಿಗದಿಯಾಯಿತು. ಹಿಂದಿನ ದಿನ ಮಧ್ಯಾಹ್ನ ನನ್ನ ಅಂಗಳಕ್ಕೆ ಬಂದ. ಕಾಂಗರೂ ಬಾಲವನ್ನು ಬೂದಿಯಲ್ಲಿ ಹೂತು ಸುಟ್ಟಿದ್ದೆ. ಕೈಯೆಲ್ಲ ಜಿಡ್ಡು ಮಾಡಿಕೊಂಡು ತಿಂದ.

"ತೆಳ್ಳಗಾಗಿದೀಯ. ಆ ಊರಲ್ಲಿ ಗಾಳಿ ತಿಂತೀಯೇನ್ಲಾ?"

"ನೀನು ದಪ್ಪ ಆಗಿದೀಯ. ಮುದುಕ್ರ ಊಟ ನೀನೇ ತಿಂತಾ ಇದೀಯಾ?"

ಇಬ್ಬರೂ ನಕ್ಕೆವು. ಆಮೇಲೆ ಅವನು ಮೂಳೆಯನ್ನು ನಾಯಿಗೆ ಎಸೆದು, ನೆಲ ನೋಡುತ್ತ, "ಚಿಕ್ಕವ್ವ, ಒಂದ್ಸಲ ನನ್ನ ಹೆಸ್ರು ಹಿಡ್ದು ಕರಿ" ಎಂದ.

"ಏನು ಕೇಳ್ತಿದೀಯ ಅಂತ ಗೊತ್ತಾ ನಿಂಗೆ?"

"ಗೊತ್ತು. ಸಿಡ್ನೀಲಿ ಹತ್ತು ಸಾವ್ರ ಜನ ಕರೀತಾರೆ. ಅದ್ರಲ್ಲಿ ಒಬ್ರಿಗಾದ್ರೂ ನಾನು ಯಾರ ಮಗ ಅಂತ ಗೊತ್ತಾ? ನೀನು ಕರಿ. ಮೆಲ್ಲಗೆ."

"ಆಗಲ್ಲ ಕಣಪ್ಪ. ಅವ್ನಿಗೆ ಕೇಳುತ್ತೆ."

"ನಂಗೂ ಕೇಳ್ಬೇಕು ಚಿಕ್ಕವ್ವ."

ನಾನು ಎದ್ದು ಚಹಾದ ಪಾತ್ರೆ ತೊಳೆಯಲು ಹೋದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಕರೆಯಬೇಕೆಂಬ ಆಸೆ ನನಗೆ ಅವನಿಗಿಂತ ಹೆಚ್ಚಾಗಿತ್ತು.

ಮಾರನೆಯ ದಿನ ಸಂಜೆ ಕ್ಯಾಂಪಿಗೆ ಕ್ಯಾಂಪೇ ಮೈದಾನಕ್ಕೆ ಹೋಯಿತು. ಮುಂದಿನ ಮೂರು ಸಾಲು ನಮ್ಮವರದೇ. ಅತ್ತಿಗೆಯೂ ಕಂಬಳಿ ಹೊದ್ದು ಬಂದಿದ್ದಳು. ಹೆಸರು ಕೂಗಬೇಡಿ ಎಂದು ಹುಡುಗ ವೇದಿಕೆಯವರಿಗೆಲ್ಲ ಹೇಳಿ ಒಪ್ಪಿಸಿದ್ದನಂತೆ. ಆದರೆ ತಾನು ಹಾಡುವಾಗ ಹಿಂದೆ ಹಾಕುವ ರೆಕಾರ್ಡಿನಲ್ಲಿ ತನ್ನದೇ ಕೂಗು ಇದೆ ಎಂಬುದು ಅವನಿಗೆ ಮರೆತೇಹೋಗಿತ್ತು. ಒಂಬತ್ತು ತಿಂಗಳಿಂದ ಊರೂರಿನಲ್ಲಿ ಹಾಡಿ ಹಾಡಿ ಅದು ಅವನ ಕಿವಿಗೆ ಬೀಳುವುದೇ ನಿಂತಿತ್ತು. ಎರಡನೆಯ ಹಾಡಿನಲ್ಲಿ, ಮನೆಯಷ್ಟು ದೊಡ್ಡ ಸ್ಪೀಕರುಗಳಿಂದ, ಆ ಹೆಸರು ಬಂತು. ಹಿಂದೆ ನಿಂತಿದ್ದ ಊರಿನ ಹುಡುಗರು ಒಟ್ಟಾಗಿ ತಿರುಗಿ ಕೂಗಿದರು.

ಅತ್ತಿಗೆ ಎದ್ದಳು. ನಾನು ಎದ್ದೆ. ಮೂರು ಸಾಲೂ ಎದ್ದು, ತಲೆ ತಗ್ಗಿಸಿ, ಬೇಲಿಯ ಕಡೆ ನಡೆಯಿತು. ಸಿಟ್ಟಿನಿಂದಲ್ಲ, ಬೇರೆ ದಾರಿ ಇರಲಿಲ್ಲ. ನಾನು ಒಂದು ಸಲ ತಿರುಗಿ ನೋಡಿದೆ. ಹುಡುಗ ಮೈಕು ಕೆಳಗಿಳಿಸಿ ನಮ್ಮ ಬೆನ್ನುಗಳನ್ನು ನೋಡುತ್ತ ನಿಂತಿದ್ದ. ಹಾಡು ಅವನಿಲ್ಲದೆಯೂ ನಡೆಯುತ್ತಿತ್ತು.

ಮೆಲ್ಬರ್ನಿಗೆ ಹೋದವನೇ, ಇನ್ನು ಆ ಹೆಸರಿನಲ್ಲಿ ಹಾಡುವುದಿಲ್ಲ, ಹಳೆಯ ಹಾಡಿನಿಂದಲೂ ಕೂಗು ತೆಗೆಯಿರಿ ಎಂದು ಕಂಪನಿಯ ಮುಂದೆ ಕೂತ. ಆಗ ನಡೆದ ಮಾತನ್ನು ಅವನೇ ನನಗೆ ಫೋನಿನಲ್ಲಿ ಹೇಳಿದ. ಮ್ಯಾನೇಜರು, "ಅದು ಬರೀ ಹೆಸ್ರಲ್ಲ ಕಣಯ್ಯ, ಅದೊಂದು ಬ್ರ್ಯಾಂಡು" ಅಂದನಂತೆ. ಇವನು, "ಅಲ್ಲ, ಅದು ನಮ್ಮ ಮಾವ" ಅಂದನಂತೆ. ಹೊಸ ಹಾಡುಗಳು ಒಂದು ವರ್ಷ ಡಬ್ಬದಲ್ಲೇ ಉಳಿದವು. ಸೊಕ್ಕು ಬಂದಿದೆ ಎಂದು ಪೇಪರಿನವರು ಬರೆದರು. ಕೊನೆಗೆ ಕಂಪನಿ ಸೋತು, ಅವನ ಹೊಸ ಹಾಡು ಕುಮಂಜಾಯಿ ಎಂಬ ಹೆಸರಿನಲ್ಲೇ ಬಂತು. ಹಿಂದಿನದಕ್ಕಿಂತ ಮೇಲೆ ಹೋಯಿತು, ಮೊದಲನೆಯ ಸ್ಥಾನಕ್ಕೆ. ಟೀವಿಯಲ್ಲಿ ದೊಡ್ಡ ಬಹುಮಾನ ಕೊಟ್ಟರು. ಪಟ್ಟಣದ ಮಕ್ಕಳು ಅಂಗಿಯ ಮೇಲೆ ಕುಮಂಜಾಯಿ ಎಂದು ಬರೆಸಿಕೊಂಡು ಕುಣಿದರು. ಸತ್ತವನ ಹೆಸರಿಗೆ ಮುಚ್ಚಿದ ಬಟ್ಟೆಯನ್ನು ಇವರು ಹಬ್ಬಕ್ಕೆ ಉಟ್ಟುಕೊಂಡರಲ್ಲ ಎಂದು ನನಗೆ ನಗು ಬಂತು, ಉರಿಯೂ ಬಂತು. ಈಗ ದೇಶದಲ್ಲಿ ಒಬ್ಬರೂ ಅವನನ್ನು ಅವನ ಹೆಸರಿನಿಂದ ಕರೆಯುತ್ತಿರಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ನಾವು ನಮ್ಮ ಪದ್ಧತಿಯಂತೆ ಅತ್ತಿಗೆಯ ತುಟಿಗೆ ರೊಟ್ಟಿ ಮುಟ್ಟಿಸಿ ಮೌನ ಬಿಡಿಸಿದೆವು. ಎರಡು ವರ್ಷ ಸುಮ್ಮನಿದ್ದ ಗಂಟಲು, ಸ್ವರ ತುಕ್ಕು ಹಿಡಿದಂತಿತ್ತು. ಅವಳು ಮೊದಲು ನೀರು ಕೇಳಿದಳು. ಕುಡಿದು, "ಡಲ್ಸಿ, ಸಾಕು ಕಣಮ್ಮ. ಅವ್ರು ಹೋಗಿ ಸೇರಿರ‍್ತಾರೆ. ಹುಡ್ಗನ ಹೆಸ್ರು ಅವ್ನಿಗೆ ಕೊಟ್ಬಿಡಾಣ" ಎಂದಳು. ನಾನು ಸರಿ ಎಂದೆ.

ಹುಡುಗನಿಗೆ ಫೋನಿನಲ್ಲಿ ಏನೂ ಹೇಳದೆ, ಒಮ್ಮೆ ಬಂದು ಹೋಗು ಎಂದಷ್ಟೇ ಅಂದೆ. ವಾರವಿಡೀ ವ್ಯಾನಿನಲ್ಲಿ ಒಬ್ಬಳೇ ಇರುವಾಗ ಹೆಸರನ್ನು ಆಡಿ ನೋಡಿದೆ. ಮೊದಲ ದಿನ ಬಾಯಿ ಬರಲಿಲ್ಲ. ಶನಿವಾರದ ಹೊತ್ತಿಗೆ ಸರಾಗವಾಯಿತು.

ಭಾನುವಾರ ಮಧ್ಯಾಹ್ನ ಅವನು ಗೇಟಿನ ಬಳಿ ಕಾರಿಳಿದು, ನನಗೆ ಬೆನ್ನು ಮಾಡಿ, ಹಿಂದಿನ ಸೀಟಿನಿಂದ ಚೀಲ ಎಳೆಯುತ್ತಿದ್ದ. ಜಗುಲಿಯಲ್ಲಿ ನಿಂತು ಜೋರಾಗಿ ಕರೆದೆ, ಸೆಡ್ರಿಕ್ ಎಂದು.

ಅವನು ಗಕ್ಕನೆ ತಿರುಗಿದ. ನನ್ನ ಕಡೆಗಲ್ಲ. ಅಂಗಳ ನೋಡಿದ, ಅಣ್ಣನ ಮನೆಯ ಬಾಗಿಲು ನೋಡಿದ, ಬೇಲಿಯಾಚೆಯ ರಸ್ತೆ ನೋಡಿದ. ಅವನ ಮುಖ ಒಂದು ಕ್ಷಣ ಎಂಟು ವರ್ಷದ ಮಗುವಿನದಾಗಿ ಅರಳಿತ್ತು. ಆಮೇಲೆ ಅವನಿಗೆ ಅರ್ಥವಾಯಿತು. ಚೀಲ ಅಲ್ಲೇ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತ.

"ಯಾರ‍್ನ ಕರ‍್ದೆ ಚಿಕ್ಕವ್ವ?"

"ನಿನ್ನೇ ಕಣ್ಲಾ. ಇನ್ಮೇಲೆ ಕರೀಬೌದು."

"ಇನ್ನೊಂದ್ಸಲ ಕರಿ."

ಕರೆದೆ. ನನ್ನ ದನಿ ಒಡೆಯಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಈಗ್ಲೂ ನನ್ನೇನಾ?"

ಅವನ ಕಣ್ಣಿಗೆ ಕಣ್ಣು ಕೊಟ್ಟು ಸುಳ್ಳು ಹೇಳಲಾಗಲಿಲ್ಲ. "ಇಲ್ಲ ಮಗಾ. ಅಣ್ಣನ್ನ" ಎಂದೆ.

"ನಂಗೊತ್ತಾಯ್ತು" ಎಂದ. "ನಾನೂ ಮಾವ ಓ ಅಂತಾನೇನೋ ಅಂತ ಕಾಯ್ತಾ ಇದ್ದೆ."

ಇಬ್ಬರೂ ಅತ್ತೆವು. ಒಳಗಿನಿಂದ ಅತ್ತಿಗೆ ಬಂದು, ಅವನ ತಲೆ ಮೇಲೆ ಕೈಯಿಟ್ಟು, ಒಡಕು ದನಿಯಲ್ಲಿ ತಾನೂ ಆ ಹೆಸರು ಕರೆದಳು. ಆಮೇಲೆ ಹುಡುಗ ಮೂಗು ಒರೆಸಿಕೊಂಡು, ಮೆಲ್ಲಗೆ, ಓ ಅಂದ.