ಏನೂ ಮಾಡದ ಡಾಕ್ಟರು

ಡಾಕ್ಟರ್ ರವಿಚಂದ್ರ ಮಳವಳ್ಳಿ ಕಡೆಯವರು. ಎಮ್ಮೆಗಳಿಗೆ ಹೆರಿಗೆ ಮಾಡಿಸಿಕೊಂಡು ಇದ್ದವರು ಕಾಡುಪ್ರಾಣಿಗಳ ವೈದ್ಯರಾದರು. ಮಂಡ್ಯ ಸೀಮೆಯಲ್ಲಿ ಅವರಿಗೆ ಹೆಸರು ಬಂದದ್ದು ಒಂದು ಸೋಲಿನಿಂದ. ಕೆರಗೋಡಿನ ಬಳಿ ಚಿರತೆಯೊಂದು ಕಾಣಿಸಿಕೊಂಡಾಗ, ಅದರ ಪಾಡಿಗೆ ಬಿಡಿ ಎಂದರೂ ಯಾರೂ ಕೇಳಲಿಲ್ಲ. ಮೇಲಿನವರ ಮಾತಿಗೆ ಕಟ್ಟುಬಿದ್ದು ಅರಿವಳಿಕೆ ಸೂಜಿ ಹಾರಿಸಿ, ಅದನ್ನು ದೂರದ ಕಾಡಿಗೆ ಸಾಗಿಸಿದರು. ಊರು ಹಾರ ಹಾಕಿತು, ಆಳೆತ್ತರದ ಫ್ಲೆಕ್ಸ್ ಕಟ್ಟಿತು. ಚಿರತೆ ತನ್ನ ನೆಲ ಹುಡುಕಿಕೊಂಡು ವಾಪಸು ಬರುವಾಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತಿತು. ಅದರ ಹೊಟ್ಟೆ ಸೀಳಿ ವರದಿ ಬರೆದವರೂ ಅವರೇ. ಆಗಲೂ ಫ್ಲೆಕ್ಸಿನಲ್ಲಿ ಅವರು ನಗುತ್ತಲೇ ಇದ್ದರು.

ಈ ಸಲ ದುದ್ದದ ಚಿಕ್ಕಬೋರಯ್ಯನ ಗದ್ದೆಯಲ್ಲಿ ಕಬ್ಬು ಕಡಿಯುವವರಿಗೆ ಎರಡು ಚಿರತೆ ಮರಿ ಸಿಕ್ಕವು, ಇನ್ನೂ ಸರಿಯಾಗಿ ಕಣ್ಣು ಬಿಡದವು. ಡಾಕ್ಟರು ಬರುವಷ್ಟರಲ್ಲಿ ಹಾರ, ಶಾಲು ತಯಾರು. ಮರಿಗಳನ್ನು ಮೃಗಾಲಯಕ್ಕೆ ಒಯ್ಯಬೇಕೆಂದು ಊರೇ ತೀರ್ಮಾನಿಸಿಯಾಗಿತ್ತು. ಒಯ್ದರೆ ಅವುಗಳ ಬದುಕೆಲ್ಲ ಪಂಜರದಲ್ಲಿ. ಹುಡುಕಿ ಅಲೆಯುವ ತಾಯಿ ಊರಿನ ಮೇಲೇ ಬೀಳುವುದು. ಡಾಕ್ಟರು ಮರಿಗಳನ್ನು ಮುಟ್ಟಿ ನೋಡಿ, ಚಿಕ್ಕಬೋರಯ್ಯನದೇ ಒಂದು ಬುಟ್ಟಿಯಲ್ಲಿಟ್ಟು, ಸಿಕ್ಕ ಜಾಗದಲ್ಲೇ ಬಿಟ್ಟರು. ರಾತ್ರಿ ತಾಯಿಯೇ ಬಂದು ಒಯ್ಯುತ್ತದೆ, ಕಟಾವು ನಿಲ್ಲಿಸಿ ಎಲ್ಲರೂ ಮನೆಗೆ ಹೋಗಿ ಎಂದರು.

"ಅಷ್ಟೇಯಾ? ಮಂಡ್ಯದಿಂದ ಜೀಪಲ್ಲಿ ಬಂದಿದ್ದು ಇದುಕ್ಕಾ?" ಎಂದ ಚಿಕ್ಕಬೋರಯ್ಯ. "ತಾಯಿ ಬರ್ಲಿಲ್ಲ ಅಂದ್ರೆ?"

ಆ ಪ್ರಶ್ನೆ ಡಾಕ್ಟರನ್ನೂ ಕೊರೆಯುತ್ತಿತ್ತು. ಉತ್ತರ ಕೊಟ್ಟವಳು ಕಬ್ಬು ಕಡಿಯುವ ಮಾಯಮ್ಮ. "ಊರಿಗ್ ಬಂದೋಳು ನೀರಿಗ್ ಬರ್ದೆ ಇದ್ದಾಳಾ? ನಡೀರ್ಲಾ ಅತ್ಲಾಗೆ," ಎಂದು ಮಚ್ಚು ಎತ್ತಿಕೊಂಡು ಹೊರಟಳು. ಉಳಿದವರು ಗೊಣಗುತ್ತ ಹಿಂದೆ ಹೋದರು.

ಬೆಳಿಗ್ಗೆ ಬುಟ್ಟಿ ಖಾಲಿ. ಹಸಿ ಮಣ್ಣಿನಲ್ಲಿ ತಾಯಿಯ ಹೆಜ್ಜೆ ಬಂದಿತ್ತು, ಹಾಗೆಯೇ ಹೋಗಿತ್ತು. ಡಾಕ್ಟರ ಕಣ್ಣು ತುಂಬಿ ಬಂತು. ನೌಕರಿಗೆ ಸೇರಿದ ಮೇಲೆ ಇಷ್ಟು ದೊಡ್ಡ ಕೆಲಸವನ್ನು ಅವರು ಮಾಡಿರಲಿಲ್ಲ. ಆದರೆ ಖಾಲಿ ಬುಟ್ಟಿಯ ಪಕ್ಕ ಅವರನ್ನು ನಿಲ್ಲಿಸಿ ಫೋಟೊ ತೆಗೆಯುವುದು ಹೇಗೆ? ಶಾಲು ಮಡಚಿ ಚೀಲ ಸೇರಿತು. ಹಾರ ಕಬ್ಬಿನ ಟ್ರ್ಯಾಕ್ಟರಿನ ಮೂತಿಗೆ ಬಿತ್ತು. ಅದಾದರೂ ಕೆಲಸ ಮಾಡುತ್ತದೆ.

ಚಿಕ್ಕಬೋರಯ್ಯ ತಲೆ ಕೆರೆದುಕೊಳ್ಳುತ್ತ ಹತ್ತಿರ ಬಂದ. ಡಾಕ್ಟರು ಕಣ್ಣೊರೆಸಿಕೊಂಡು, ಒಂದು ಒಳ್ಳೆಯ ಮಾತಿಗೆ ಕಾದರು.

"ಸಾರ್, ಆ ಬುಟ್ಟಿ ಇತ್ಲಾಗ್ ಕೊಡಿ. ಗೊಬ್ಬರ ಹೊರೋಕೆ ಬೇಕು."